ಅಪ್‌ಡೇಟ್: ಗುಹೆ, ಅವಶೇಷ, ಊಟ ಒಂದೇ ದಿನದಲ್ಲಿ ಮುಗಿಸಿ ಬಂದೆವು

ಸುಣ್ಣಕಲ್ಲಿನ ಗುಹೆ, ಹಳೇ ಊರಿನ ಅವಶೇಷ, ಅಲ್ಲಿನವರ ಅಡುಗೆಮನೆಯಲ್ಲಿ ಊಟ, ಈ ಮೂರನ್ನೂ ನಮಗಾಗಿಯೇ ಕಾರು, ಗೈಡ್ ಗೊತ್ತುಮಾಡಿಕೊಂಡು ಒಂದೇ ದಿನದಲ್ಲಿ ನೋಡಬಹುದಾ ಎಂದು ಹೋದ ತಿಂಗಳು ಕೇಳಿದ್ದೆ. ನೋಡಬಹುದು. ನಾಲ್ಕನೆಯದನ್ನು ಮಾತ್ರ ತುರುಕಬೇಡಿ.

"ಅವಶೇಷಕ್ಕೆ ಬೆಳಿಗ್ಗೆಯೇ ಹೋಗಿ" ಎಂದವರಿಗೆ ದೊಡ್ಡ ಥ್ಯಾಂಕ್ಸ್. ಬಿಸಿಲು ತಪ್ಪಿಸಿಕೊಳ್ಳಲು ಹೇಳಿದ್ದೀರಿ ಅಂದುಕೊಂಡಿದ್ದೆ. ವಿಷಯ ಬೇರೆಯೇ ಇತ್ತು. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರಗಳ ಅಂಚಿನಲ್ಲಿ ನೆರಳು ಕೂರುತ್ತದೆ. ಬರೀ ಕಲ್ಲು ಎಂದುಕೊಂಡಿದ್ದರ ಮೇಲೆ ನಾಲ್ಕು ಸಾಲು ಬರಹ ಕಂಡಿತು! 11 ಗಂಟೆಗೆ ಮತ್ತೆ ನೋಡಿದರೆ ಮಾಯ. ಗೈಡ್ ಕೊಡೆ ಅಡ್ಡ ಹಿಡಿದು, ಪಕ್ಕದಿಂದ ಟಾರ್ಚ್ ಬಿಟ್ಟು ಇನ್ನೊಮ್ಮೆ ತೋರಿಸಿದರು.

ಗುಹೆಯೊಳಗೆ ಚಳಿ, ಜಾಕೆಟ್ ಇರಲಿ. ಮೇಲಿಂದ ಇಳಿಬಿದ್ದ ಸುಣ್ಣದ ಕಡ್ಡಿಗಳನ್ನು ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದರೆ ಬೆಳವಣಿಗೆ ಕೆಡುತ್ತದೆ. ಮೊದಲೇ ಅವು ಸಾಮಾನ್ಯವಾಗಿ ವರ್ಷಕ್ಕೆ 1 ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ, ಪಾಪ.

ಊಟ ತಡವಾಯಿತು, ಬೇಜಾರಾಗಲಿಲ್ಲ. ಅಡುಗೆಯಮ್ಮ ಸೌದೆ ಒಲೆಯೊಳಗೆ ಚಿಟಿಕೆ ಹಿಟ್ಟು ಎಸೆದರು. ತಕ್ಷಣ ಕರಕಲು. "ಕಾವು ಜಾಸ್ತಿ, ಇಳಿಯುವವರೆಗೆ ಕಾಯಬೇಕು" ಎಂದರು.

ನನ್ನ ಎಡವಟ್ಟು: ಡ್ರೈವರೇ ಗೈಡ್ ಎಂದು ಸುಮ್ನೆ ಅಂದುಕೊಂಡಿದ್ದೆ. ಅವಶೇಷದೊಳಗೆ ವಿವರಿಸಲು ಲೈಸೆನ್ಸ್ ಇರುವ ಗೈಡ್ ಬೇರೆ, ಅವರ ಫೀಸೂ ಬೇರೆ. ಪ್ರವೇಶದ ಟಿಕೆಟ್ಟೂ ಪ್ಯಾಕೇಜಿನಲ್ಲಿ ಇರಲಿಲ್ಲ. ಬುಕ್ ಮಾಡುವಾಗಲೇ ಬರೆಸಿಕೊಳ್ಳಬೇಕಿತ್ತು, ಅಲ್ವಾ? ದಾರಿಯಲ್ಲಿ ಅಂಗಡಿಗಳ ಮುಂದೆ ನಿಲ್ಲಿಸಬೇಡಿ ಎಂದು ಮೊದಲೇ ಹೇಳಿದ್ದೆ. ಅದೊಂದು ಸರಿಯಾಗಿ ನಡೆಯಿತು.