ಮಗನ ಓಟಿಗೆ ನಾಯಿ ತರಬೇಕಾ? ಅನುಭವ ಇದ್ದವರು ಹೇಳಿ

ಸುಂಟಿಕೊಪ್ಪದಿಂದ ಒಬ್ಬ ತಾಯಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಎಂಟು ವರ್ಷ, ಆಟಿಸಂ ಇದೆ. ಎರಡು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಮೈಸೂರಿಗೆ ಓಟಿಗೆ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳೋಕೆ ಕಲಿಸೋ ಚಿಕಿತ್ಸೆ) ಕರೆದುಕೊಂಡು ಹೋಗ್ತಿದ್ದೀವಿ. ಮೊದಲಿಗಿಂತ ಎಷ್ಟೋ ವಾಸಿ, ಆದರೆ ಅಂಗಿ ಗುಂಡಿ ಹಾಕಿಕೊಳ್ಳೋದು ಇನ್ನೂ ಬಂದಿಲ್ಲ. ಹಲ್ಲುಜ್ಜಿಸೋದಂತೂ ದಿನಾ ಬೆಳಗ್ಗೆ ಯುದ್ಧ. ಕಳೆದ ತಿಂಗಳು ಅಲ್ಲಿನ ಥೆರಪಿಸ್ಟ್ ಮಾತಿನ ಮಧ್ಯೆ, "ನಾಯಿ ಜೊತೆ ಮಾಡೋ ಓಟಿ ಬಗ್ಗೆ ಸಂಶೋಧನೆ ಆಗಿದೆ" ಅಂದರು. ಅಷ್ಟೇ ಸಾಕಾಯ್ತು, ನಮ್ಮ ಯಜಮಾನರು ಅವತ್ತಿಂದ ಲ್ಯಾಬ್ರಡಾರ್ ಮರಿ ಹುಡುಕ್ತಿದ್ದಾರೆ. ಬೆಂಗಳೂರಲ್ಲಿ ಒಬ್ಬರು "ಥೆರಪಿ ಮರಿ, ಸರ್ಟಿಫಿಕೇಟ್ ಸಮೇತ" ಅಂತ ದೊಡ್ಡ ಮೊತ್ತ ಹೇಳಿದ್ದಾರೆ. ಅತ್ತೆ, "ತೋಟದಲ್ಲಿ ಎರಡು ನಾಯಿ ಇರುವಾಗ ಮೂರನೇದು ಯಾಕೆ" ಅಂತಾರೆ. ಯಾರ ಮಾತು ಕೇಳಲಿ?

ವಿರಾಜಪೇಟೆಯಿಂದ:

ಓಟಿ ಅಂದ ಕೂಡಲೇ ಆಪರೇಷನ್ ಥಿಯೇಟರ್ ಅಂದುಕೊಂಡು ಗಾಬರಿಯಾದೆ! ಅಲ್ಲಿಗೆ ನಾಯಿ ಯಾಕೆ ಅಂತ. ಆಮೇಲೆ ಪೂರ್ತಿ ಓದಿದೆ. ನನಗೆ ಅನುಭವ ಇಲ್ಲ ಅಕ್ಕ, ಅತ್ತೆ ಪರ ಒಂದು ವೋಟು.

ಪೊನ್ನಂಪೇಟೆಯವಳು, ಈಗ ಮೈಸೂರಲ್ಲಿ:

ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಈ ಪ್ರಶ್ನೆ ಇತ್ತೀಚೆಗೆ ತುಂಬ ಜನ ಕೇಳ್ತಿದ್ದಾರೆ.

ಅಕ್ಕ, ಸರ್ವಿಸ್ ನಾಯಿ ಬೇರೆ, ಥೆರಪಿ ನಾಯಿ ಬೇರೆ. ಸರ್ವಿಸ್ ನಾಯಿ ಒಬ್ಬರ ಜೊತೆಗೇ ಬಾಳುತ್ತೆ, ಅವರಿಗೆ ಕೈಲಾಗದ ಕೆಲಸ ಕಲಿತಿರುತ್ತೆ. ಬಿದ್ದ ಕೀ ಎತ್ತಿಕೊಡೋದು, ಬಾಗಿಲು ಎಳೆಯೋದು, ಲೈಟ್ ಸ್ವಿಚ್ ಒತ್ತೋದು. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ ಪ್ರಕಾರ ಅದನ್ನು ಅಂಗಡಿ, ಹೋಟೆಲ್ ಒಳಗೂ ಬಿಡಲೇಬೇಕು. ಥೆರಪಿ ನಾಯಿಗೆ ಆ ಹಕ್ಕಿಲ್ಲ. ಅದು ತನ್ನನ್ನು ಸಾಕಿದವರ ಜೊತೆ ಬರುತ್ತೆ, ಸೆಷನ್ ಮುಗಿಸಿ ಮನೆಗೆ ಹೋಗುತ್ತೆ. ನಿಮಗೆ ಮಾರಲು ಹೊರಟಿರೋ ಮರಿ ಇವೆರಡೂ ಅಲ್ಲ. ಮರಿಗೆ ಥೆರಪಿ ಸರ್ಟಿಫಿಕೇಟ್ ಅನ್ನೋ ಮಾತೇ ಅರ್ಥವಿಲ್ಲದ್ದು. ಸ್ವಭಾವ ಗೊತ್ತಾಗೋದೇ ಬೆಳೆದ ಮೇಲೆ. ಸರ್ವಿಸ್ ನಾಯಿ ಒಂದನ್ನು ತಯಾರು ಮಾಡೋಕೆ ಸುಮಾರು ಎರಡು ವರ್ಷ ಹಿಡಿಯುತ್ತೆ, ತರಬೇತಿಗೆ ಸೇರಿದವುಗಳಲ್ಲಿ ಎಷ್ಟೋ ನಾಯಿ ಮಧ್ಯದಲ್ಲೇ ಹೊರಬೀಳುತ್ತವೆ.

ಇನ್ನು ಸಂಶೋಧನೆ. ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ತಮ್ಮ ನಾಯಿ ಜಿಂಗಲ್ಸ್ ಕೋಣೆಯಲ್ಲಿದ್ದರೆ ಮುದುಡಿಕೊಂಡ ಮಕ್ಕಳೂ ಮಾತಿಗೆ ಬರ್ತಾರೆ ಅಂತ ಗಮನಿಸಿ, 1962ರಲ್ಲೇ ನಾಯಿಯನ್ನು ಸಹ-ಚಿಕಿತ್ಸಕ ಅಂತ ಕರೆದು ಲೇಖನ ಬರೆದಿದ್ದರು. ನಮ್ಮ ಓಟಿ ಕ್ಷೇತ್ರದಲ್ಲಿ ಹೆಚ್ಚು ಉಲ್ಲೇಖವಾಗೋದು 2006ರ ಒಂದು ಸಣ್ಣ ಅಧ್ಯಯನ. ಆಟಿಸಂ ಇದ್ದ 22 ಮಕ್ಕಳಿಗೆ ಮಾಮೂಲಿ ಓಟಿ ಸೆಷನ್ನೂ ಪ್ರಾಣಿಗಳಿರೋ ಸೆಷನ್ನೂ ಎರಡನ್ನೂ ಕೊಟ್ಟು ಹೋಲಿಸಿದರು. ಪ್ರಾಣಿ ಇದ್ದಾಗ ಮಕ್ಕಳು ಹೆಚ್ಚು ಮಾತಾಡಿದರು, ಹೆಚ್ಚು ಬೆರೆತರು. ಅಲ್ಲಿ ನಾಯಿ ಮಾತ್ರ ಅಲ್ಲ, ಮೊಲ ಇತ್ತು, ಒಂಟೆ ಜಾತಿಯ ಲಾಮಾ ಅನ್ನೋ ಪ್ರಾಣಿನೂ ಇತ್ತು! ಆದರೆ ಅಳೆದದ್ದು ಮಾತು ಮತ್ತು ಬೆರೆಯೋದನ್ನ. ಗುಂಡಿ ಹಾಕೋದು ಬಂತಾ ಅಂತ ಯಾರೂ ಅಳೆದಿಲ್ಲ.

2010ರಲ್ಲಿ ಕೆನಡಾದಲ್ಲಿ 42 ಮಕ್ಕಳ ಮನೆಗೆ ತರಬೇತಾದ ನಾಯಿ ಕೊಟ್ಟು, ಎಂಜಲಲ್ಲಿ ಕಾರ್ಟಿಸೋಲ್ ನೋಡಿದರು. ಬೆಳಗ್ಗೆ ಎದ್ದ ಮೇಲೆ ಈ ಒತ್ತಡದ ಹಾರ್ಮೋನು ಏರುತ್ತೆ. ನಾಯಿ ಬರೋ ಮುಂಚೆ ಆ ಏರಿಕೆ ಶೇ. 58 ಇತ್ತು, ನಾಯಿ ಬಂದ ಮೇಲೆ ಶೇ. 10ಕ್ಕೆ ಇಳಿಯಿತು, ನಾಯಿಯನ್ನು ಸ್ವಲ್ಪ ದಿನ ಹಿಂದಕ್ಕೆ ತೆಗೆದುಕೊಂಡಾಗ ಮತ್ತೆ ಶೇ. 48ಕ್ಕೆ ಹೋಯಿತು. ಕೇಳೋಕೆ ಅದ್ಭುತ. ಆದರೆ ಇಡೀ ದಿನದ ಸರಾಸರಿ ಕಾರ್ಟಿಸೋಲ್ ಬದಲಾಗಲಿಲ್ಲ. ಮಾರೋರು ಇದನ್ನ ಹೇಳಲ್ಲ.

ದೊಡ್ಡವರ ಮೇಲಿನದು ಇನ್ನೊಂದು. 1996ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯಲ್ಲಿ, ಓಡಾಟ ತೀರಾ ಕಷ್ಟವಾದ 48 ಜನಕ್ಕೆ ಸರ್ವಿಸ್ ನಾಯಿ ಕೊಟ್ಟಾಗ ಸಂಬಳದ ಸಹಾಯಕರ ಗಂಟೆಗಳು ಭಾರಿ ಕಡಿಮೆಯಾದವು ಅಂತ ಬಂತು. ನಾವು ಓದುವಾಗ ಇದನ್ನ ಬಾಯಿಪಾಠ ಮಾಡಿದ್ದೆವು. ಆಮೇಲೆ ಗೊತ್ತಾಗಿದ್ದು, ಫಲಿತಾಂಶ ನಂಬೋಕಾಗದಷ್ಟು ಚೆನ್ನಾಗಿದೆ ಅಂತ ಅದಕ್ಕೆ ಟೀಕೆ ಬಂದಿತ್ತು ಅಂತ. ಒಟ್ಟಿನಲ್ಲಿ ಈ ಅಧ್ಯಯನಗಳಲ್ಲಿ ಜನ ಕಡಿಮೆ. ಸಾಮಾನ್ಯವಾಗಿ ನಾಯಿ ಇಷ್ಟ ಇರೋರೇ ಸೇರ್ತಾರೆ. ಮಾತ್ರೆಯಾದರೆ ನಿಜವಾದದ್ದೋ ಉತ್ತುತ್ತಿದ್ದೋ ಅಂತ ಮುಚ್ಚಿಟ್ಟು ಪರೀಕ್ಷಿಸಬಹುದು, ಆದರೆ ಎದುರಿಗೆ ನಾಯಿ ಇದೆಯೋ ಇಲ್ಲವೋ ಅನ್ನೋದನ್ನ ಹಾಗೆ ಮುಚ್ಚಿಡೋಕೆ ಆಗಲ್ಲ.

ಹಾಗಂತ ಕೈಬಿಡಬೇಡಿ. ನಾಯಿ ಸುಮ್ಮನೆ ಪಕ್ಕದಲ್ಲಿ ಕೂತರೆ ಓಟಿ ಆಗಲ್ಲ, ಅದರ ಸುತ್ತ ಕೆಲಸ ಕಟ್ಟಬೇಕು. ಗುಂಡಿ ಬೇಕಾ? ನಾಯಿಯ ಬೆಲ್ಟಿನ ಬಕಲ್‌ನಿಂದ ಶುರು ಮಾಡಿ. ಎರಡು ಕೈ ಸೇರಿಸಿ ಮಾಡೋ ಕೆಲಸ ಬೇಕಾ? ನೀರಿನ ತಟ್ಟೆ ಚೆಲ್ಲದೆ ತರಲಿ. ಬೆರಳಿನ ಹಿಡಿತಕ್ಕೆ ಒಂದೊಂದೇ ಕಾಳು ತಿನಿಸು ಹೆಕ್ಕಿ ಹಾಕಲಿ. ಹಲ್ಲುಜ್ಜೋದಕ್ಕೆ ಮುಂಚೆ ನಾಯಿಯ ಮೈ ಬ್ರಷ್ ಮಾಡಲಿ, ಬ್ರಷ್ ಮೇಲಿನ ಭಯ ಅಲ್ಲಿಂದ ಸಡಿಲಾಗಬಹುದು. ಇದಕ್ಕೆ ಲ್ಯಾಬ್ರಡಾರ್ ಬೇಡ, ಶಾಂತವಾದ ಬೆಳೆದ ನಾಯಿ ಸಾಕು. ಮೊದಲು ನೆಂಟರದ್ದೋ ಪಕ್ಕದ ಮನೆಯದ್ದೋ ಅಂಥ ನಾಯಿ ಜೊತೆ ನಾಲ್ಕು ವಾರ ನೋಡಿ. ಮಗ ಕಿವಿ ಮುಚ್ಚಿಕೊಂಡು ಓಡಿದರೆ ಅಲ್ಲಿಗೇ ನಿಲ್ಲಿಸಿ. ಬೊಗಳೋ ಸದ್ದನ್ನ ತಡೆಯೋಕಾಗದ ಮಕ್ಕಳು ಬೇಕಾದಷ್ಟಿದ್ದಾರೆ.

ಕುಶಾಲನಗರದಿಂದ:

ಸರ್ಟಿಫಿಕೇಟ್ ವಿಷಯ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೂರು ವರ್ಷದ ಹಿಂದೆ ತಂಗಿ ಮಗಳಿಗೆ ಅಂತ ಹೀಗೇ ಒಂದು ಮರಿ ತಂದೆವು. ಹೊಳೆಯೋ ಕಾಗದ, ಬಂಗಾರದ ಸೀಲು, ಹೊರ ದೇಶದ ಸಂಸ್ಥೆಯ ಹೆಸರು. ಮರಿ ಹುಡುಗಿಯ ಫ್ರಾಕ್ ಕಚ್ಚಿ ಎಳೆದು ಕೆಡವಿತು, ಅದಕ್ಕೇನು ಗೊತ್ತು ಪಾಪ, ಹಲ್ಲು ಬರೋ ವಯಸ್ಸು. ಹುಡುಗಿ ಆರು ತಿಂಗಳು ಅಂಗಳಕ್ಕೇ ಇಳಿಯಲಿಲ್ಲ. ಕೊಟ್ಟವರಿಗೆ ಫೋನ್ ಮಾಡಿದರೆ "ನಿಮ್ಮ ಹ್ಯಾಂಡ್ಲಿಂಗ್ ಸರಿ ಇಲ್ಲ" ಅಂದರು. ಈಗ ಆ ನಾಯಿ ನನ್ನ ಭಾವನ ಅಂಗಡಿ ಮುಂದೆ ಮಲಗಿರುತ್ತೆ, ಬಂಗಾರದಂಥ ನಾಯಿ. ಈಗ ಬೇಕಾದರೆ ಥೆರಪಿಗೆ ಆಗಬಹುದು, ಆದರೆ ಹುಡುಗಿ ಹತ್ತಿರ ಬರಲ್ಲ.

ಸೋಮವಾರಪೇಟೆಯಿಂದ:

ನಮ್ಮದು ಮಗುವಿನ ವಿಷಯ ಅಲ್ಲ, ಅಪ್ಪನದು. ಪಾರ್ಶ್ವವಾಯು ಆಗಿ ಬಲಗೈ ಎತ್ತಲಾಗದೆ ಕೂತಿದ್ದರು. ಓಟಿಯವರು ಹೇಳಿಕೊಟ್ಟ ವ್ಯಾಯಾಮ, ಬಟ್ಟೆ ಕ್ಲಿಪ್ ಹಾಕೋದು, ಲೋಟ ಸರಿಸೋದು, ಎಲ್ಲಕ್ಕೂ "ನಾನೇನು ಮಗುವಾ" ಅಂತ ಮುಖ ತಿರುಗಿಸೋರು. ಆದರೆ ಹಳೇ ನಾಯಿ ಬಂದು ಮೊಣಕಾಲಿಗೆ ತಲೆ ಇಟ್ಟರೆ ಅದನ್ನ ಸವರೋಕೆ ಬಲಗೈಯೇ ಹೋಗೋದು. ಇದನ್ನ ಓಟಿಯವರಿಗೆ ಹೇಳಿದಾಗ ಅವರು ಬ್ರಷ್‌ನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರು, ನಾಯಿಯನ್ನ ಜಗಲಿಯ ಮೇಲೆ ನಿಲ್ಲಿಸಿ ಅಪ್ಪನನ್ನ ಕೆಳಗೆ ಕೂರಿಸಿದರು, ಕೈ ಮೇಲಕ್ಕೆ ಹೋಗಲಿ ಅಂತ. ಕಾಫಿ ಕೊಯ್ಲು ಮುಗಿಯೋ ಹೊತ್ತಿಗೆ ಭುಜದವರೆಗೆ ಕೈ ಬರ್ತಿತ್ತು. ನಾಯಿಯಿಂದಲೇ ಆಯಿತು ಅಂತ ಹೇಳಲಾರೆ, ಹೇಗೂ ಬರ್ತಿತ್ತೇನೋ. ಆದರೆ ದಿನಾ ಎರಡು ಹೊತ್ತು ಬೈಸಿಕೊಳ್ಳದೆ ವ್ಯಾಯಾಮ ಮಾಡಿಸಿದ್ದು ಆ ನಾಯಿ ಮಾತ್ರ, ನಾವಲ್ಲ.

ಪಶು ಆಸ್ಪತ್ರೆಯಿಂದ ನಿವೃತ್ತ, ನಾಪೋಕ್ಲು:

ತಂಗಿ, ಎಲ್ಲರೂ ಮಗುವಿನ ಬಗ್ಗೆ ಹೇಳಿದರು, ನಾನು ನಾಯಿ ಬಗ್ಗೆ ಹೇಳ್ತೇನೆ. ತೋಟದ ನಾಯಿ ಕಾಡುಹಂದಿ ಅಟ್ಟಿಸಿಕೊಂಡು ಹೋಗುತ್ತೆ, ಬೇರೆ ನಾಯಿಗಳ ಜೊತೆ ಕಚ್ಚಾಡುತ್ತೆ. ಹಾಗಾಗಿ ರೇಬಿಸ್ ಲಸಿಕೆ ಮೊದಲು, ಮಗು ಆಮೇಲೆ. ಮರಿಗೆ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ. ಪುಸ್ತಕದಲ್ಲಿ ಬರೆಸಿಕೊಳ್ಳಿ. ಮನುಷ್ಯರಿಗೆ ಬರೋ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ. ಹಲ್ಲು ತಾಗಿ ಗೀರಿದರೂ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ. ಜಂತಿನ ಔಷಧಿ ಹಾಕಿಸಿ. ಉಣ್ಣಿ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ. ಮಳೆಗಾಲದಲ್ಲಿ ಒದ್ದೆ ನಾಯಿಯನ್ನ ಮಗುವಿನ ಪಕ್ಕ ಬಿಡಬೇಡಿ.

ಇನ್ನೊಂದು. ನಿದ್ದೆ ಬರದಿದ್ದರೂ ಆಕಳಿಸೋದು, ತುಟಿ ನೆಕ್ಕಿಕೊಳ್ಳೋದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣೋ ಹಾಗೆ ನೋಡೋದು, ಇವು ಸಾಕು ಸಾಕು ಅಂತ ನಾಯಿ ಹೇಳೋ ರೀತಿ. ಗುರ್ ಅನ್ನೋದು ಅದರ ಆಮೇಲೆ. ಹತ್ತು ಹದಿನೈದು ನಿಮಿಷ ಸಾಕು. ಅದು ಎದ್ದು ಹೋದರೆ ಹೋಗಲಿ, ಹಿಡಿದು ಎಳೆಯಬೇಡಿ.

ಸುಂಟಿಕೊಪ್ಪದ ತಾಯಿ, ಐದು ವಾರದ ನಂತರ:

ಉತ್ತರ ತಡವಾಯ್ತು, ಕ್ಷಮಿಸಿ. ಮರಿ ತರಲಿಲ್ಲ. ತೋಟದ ಎರಡರಲ್ಲಿ ಗಂಡು ಆಗಲ್ಲ, ಅದಕ್ಕೆ ಸ್ಕೂಟರ್ ಕಂಡರೂ ಆಗಲ್ಲ. ಹೆಣ್ಣು ನಾಯಿಗೆ ಏಳು ವರ್ಷ, ಬಿಸಿಲಿದ್ದಷ್ಟು ಹೊತ್ತೂ ಕಣದಲ್ಲಿ ಮಲಗೋ ಪ್ರಾಣಿ. ಲಸಿಕೆ ಹಾಕಿಸಿ, ಉಣ್ಣಿ ತೆಗೆಸಿ, ನಮ್ಮ ಥೆರಪಿಸ್ಟಿಗೆ ವಿಡಿಯೋ ಕಳಿಸಿದೆ. ಅವರು ಎರಡೇ ಕೆಲಸ ಕೊಟ್ಟರು: ಸಂಜೆ ಲೋಟದಲ್ಲಿ ಅಳೆದು ಅನ್ನ ಹಾಕೋದು, ಬೆಲ್ಟಿನ ಬಕಲ್.

ಮಗ ಇವತ್ತಿಗೂ ನಾಯಿಯನ್ನ ಮುಟ್ಟಲ್ಲ. ಅನ್ನ ಮಾತ್ರ ಹಾಕ್ತಾನೆ. ಮೂರು ಲೋಟ, ಜೋರಾಗಿ ಎಣಿಸಿ, ಅರ್ಧ ಚೆಲ್ಲಿ. ಆರಕ್ಕೆ ಸರಿಯಾಗಿ ನನ್ನ ಸೆರಗು ಎಳೀತಾನೆ, "ಅಮ್ಮ, ನಾಯಿ ಅನ್ನ" ಅಂತ. ಕೇಳದೆ ತಾನಾಗಿ ಮೂರು ಪದ ಸೇರಿಸಿ ಹೇಳಿದ್ದು ಇದೇ ಮೊದಲು. ಬಕಲನ್ನ ನಾಯಿಯ ಕತ್ತಿನಲ್ಲಿ ಅಲ್ಲ, ಬೆಲ್ಟನ್ನ ತೊಡೆ ಮೇಲೆ ಇಟ್ಟುಕೊಂಡು ಬಿಚ್ತಾನೆ, ಹಾಕೋಕೆ ಬರಲ್ಲ. ಅಂಗಿ ಗುಂಡಿ ಇನ್ನೂ ನಾನೇ. ಹಲ್ಲಿನ ಯುದ್ಧ ಯಥಾಪ್ರಕಾರ. ಅತ್ತೆ ಗೆದ್ದೆ ಅಂತ ಬೀಗ್ತಿದ್ದಾರೆ, ಯಜಮಾನರು ಲ್ಯಾಬ್ರಡಾರ್ ಫೋಟೋ ನೋಡೋದು ಬಿಟ್ಟಿಲ್ಲ.

ಪೊನ್ನಂಪೇಟೆ ಅವರಿಗೆ ಒಂದು ಪ್ರಶ್ನೆ: ಇಲ್ಲಿ ಸಿಕ್ಕಿದ ಬೆಲ್ಟಿನ ಬಕಲ್ ತೀರಾ ಬಿಗಿ, ಅವನ ಬೆರಳಿಗೆ ಬಗ್ಗಲ್ಲ. ಶಾಲೆ ಬ್ಯಾಗಿಗೆ ಇರುತ್ತಲ್ಲ, ಎರಡು ಕಡೆ ಒತ್ತಿದರೆ ಟಕ್ ಅಂತ ಬಿಚ್ಚೋ ಪ್ಲಾಸ್ಟಿಕ್ಕಿಂದು, ಅದನ್ನ ಹೊಲಿಸಿದರೆ ಆಗುತ್ತಾ?