ಎರಡು ಲೈನಿನ ಲಿನಕ್ಸ್ ಸರ್ವರ್: ರೂಟ್ ಕೈಯಾರೆ ಹಾಕುವವರು ಹೇಗೆ ಸಂಭಾಳಿಸುತ್ತೀರಿ?

ಪ್ರಶ್ನೆ

ನಮಸ್ಕಾರ. ನಮ್ಮದು ಚಿಕ್ಕ ಬ್ರಾಂಚ್ ಆಫೀಸ್. ಒಂದು ಉಬುಂಟು ಸರ್ವರ್ ಇದೆ, ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡ್. ಈಥ್0 ಬ್ರಾಡ್‌ಬ್ಯಾಂಡ್ ರೂಟರಿಗೆ ಸೇರಿದೆ, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 192.168.1.1. ಈಥ್1 ಹೆಡ್ ಆಫೀಸಿಗೆ ಹೋಗುವ ಲೀಸ್ಡ್ ಲೈನಿಗೆ. ಆ ಕಾರ್ಡಿನಲ್ಲಿ ನಮ್ಮ ಸರ್ವರಿನ ವಿಳಾಸ 10.50.1.2, ಗೇಟ್‌ವೇ 10.50.1.1. ಎರಡೂ ಕಾರ್ಡಿಗೆ ವಿಳಾಸ ಡಿಎಚ್‌ಸಿಪಿಯಿಂದಲೇ, ಅಂದರೆ ತಾನಾಗಿಯೇ ಹಂಚಿಕೆಯಾಗಿ, ಬರುತ್ತದೆ. ಹೆಡ್ ಆಫೀಸಿನ ಮಷಿನ್‌ಗಳು 10.20.0.0/16 ಒಳಗೆ, ಅಂದರೆ 10.20 ಇಂದ ಶುರುವಾಗುವ ವಿಳಾಸಗಳಲ್ಲಿ, ಇವೆ ಎಂದು ಹೇಳಿದ್ದಾರೆ.

ತೊಂದರೆ ಮೂರು. ಇಂಟರ್ನೆಟ್ ಒಮ್ಮೊಮ್ಮೆ ಲೀಸ್ಡ್ ಲೈನ್ ಕಡೆ ಹೋಗಿ ನಿಂತುಬಿಡುತ್ತದೆ. ಹೆಡ್ ಆಫೀಸಿನ ಕೆಲವರಿಗೆ ಸರ್ವರ್ ಸಿಗುತ್ತದೆ, ಕೆಲವರಿಗೆ ಸಿಗುವುದೇ ಇಲ್ಲ. ಕೈಯಾರೆ ಹಾಕಿದ ರೂಟ್ (ಯಾವ ವಿಳಾಸಕ್ಕೆ ಯಾವ ದಾರಿ ಎಂದು ಹೇಳುವ ಸಾಲು) ಕರೆಂಟ್ ಹೋಗಿ ಬಂದ ಮೇಲೆ ಇರುವುದಿಲ್ಲ. ನಾನು ಹೆಚ್ಚಾಗಿ ಮನೆಯಿಂದ ಬ್ರಾಡ್‌ಬ್ಯಾಂಡ್ ಮೂಲಕ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿ ಕೆಲಸ ಮಾಡುತ್ತೇನೆ. ಯಾವುದನ್ನು ಮೊದಲು ನೋಡಬೇಕು, ಏನು ಮಾಡಬಾರದು? ಮಾಡಿ ನೋಡಿದವರು ಹೇಳಿ.

ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವವರು

ರೂಟ್ ಸೇರಿಸುವ ಕಮಾಂಡ್ ಆಮೇಲೆ. ಮೊದಲು ಲಿನಕ್ಸಿನ ತಿರುಳಾದ ಕರ್ನಲ್‌ನನ್ನೇ ಕೇಳಿ. ‘ಐಪಿ ರೂಟ್ ಗೆಟ್ 10.20.5.8’ ಎಂದು ಹೊಡೆಯಿರಿ. ಆ ವಿಳಾಸಕ್ಕೆ ಪ್ಯಾಕೆಟ್ ಯಾವ ಕಾರ್ಡಿನಿಂದ ಹೊರಡುತ್ತದೆ, ಯಾವ ಗೇಟ್‌ವೇಗೆ ಹೋಗುತ್ತದೆ, ನಮ್ಮ ಕಡೆಯ ಯಾವ ವಿಳಾಸ ಹೊತ್ತು ಹೋಗುತ್ತದೆ, ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಜಾಸ್ತಿ ಜನ ‘ಐಪಿ ರೂಟ್ ಶೋ’ ನೋಡಿ ತಲೆಯಲ್ಲೇ ಲೆಕ್ಕ ಹಾಕುತ್ತಾರೆ. ಟೇಬಲ್ ನಾಲ್ಕು ಸಾಲಿದ್ದಾಗ ಅದು ನಡೆಯುತ್ತದೆ. ವಿಪಿಎನ್, ಡಾಕರ್ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಎಲ್ಲ ಸೇರಿದ ಮೇಲೆ ನಡೆಯುವುದಿಲ್ಲ.

ಆಯ್ಕೆಯ ನಿಯಮ ಇಷ್ಟೇ: ಹೆಚ್ಚು ನಿಖರವಾದ, ಅಂದರೆ ಗೀಟಿನ ನಂತರದ ಸಂಖ್ಯೆ ದೊಡ್ಡದಿರುವ, ಸಾಲು ಗೆಲ್ಲುತ್ತದೆ. /24 ಇದ್ದರೆ /16 ಸೋಲುತ್ತದೆ, /16 ಇದ್ದರೆ ಡಿಫಾಲ್ಟ್ (ಬೇರಾವ ಸಾಲೂ ಹೊಂದದಾಗ ಬಳಸುವುದು) ಸೋಲುತ್ತದೆ. ಮೆಟ್ರಿಕ್ (ಸಾಲಿಗೆ ಕೊಡುವ ಆದ್ಯತೆಯ ಅಂಕೆ) ಲೆಕ್ಕಕ್ಕೆ ಬರುವುದು ಎರಡು ಸಾಲುಗಳಲ್ಲಿ ಗೀಟಿನ ನಂತರದ ಸಂಖ್ಯೆ ಒಂದೇ ಇದ್ದಾಗ ಮಾತ್ರ. ಆಗ ಚಿಕ್ಕ ಸಂಖ್ಯೆ ಗೆಲ್ಲುತ್ತದೆ. ‘ಮೆಟ್ರಿಕ್ ಕಡಿಮೆ ಮಾಡಿದೆ, ಆದರೂ ಆ ಕಡೆಯೇ ಹೋಗುತ್ತಿದೆ’ ಎಂದು ಬರುವವರಿಗೆಲ್ಲ ಇದೇ ಉತ್ತರ.

ಈ ನಿಯಮದ ತಾಕತ್ತು ನೋಡಬೇಕೆಂದರೆ 2008ರ ಫೆಬ್ರವರಿ 24 ನೆನಪಿಸಿಕೊಳ್ಳಿ. ಯೂಟ್ಯೂಬ್ ತನ್ನ ವಿಳಾಸಗಳನ್ನು ಒಂದು /22 ಆಗಿ ಜಗತ್ತಿಗೆ ಸಾರಿಕೊಂಡಿತ್ತು. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಅದರೊಳಗಿನ ಒಂದು /24 ಅನ್ನು ತನ್ನ ಕಡೆ ತಿರುಗಿಸಿತು. ಅದು ಹೊರಗೂ ಸೋರಿತು. /24 ಹೆಚ್ಚು ನಿಖರ, ಹಾಗಾಗಿ ಪ್ರಪಂಚದ ಬಹುಪಾಲು ರೂಟರ್‌ಗಳು ಅದನ್ನೇ ನಂಬಿದವು. ಸುಮಾರು ಎರಡು ಗಂಟೆ ಯೂಟ್ಯೂಬ್ ಇಲ್ಲ. ಯೂಟ್ಯೂಬ್‌ನವರು ತಿರುಗಿ ಹೊಡೆದದ್ದೂ ಅದೇ ನಿಯಮದಿಂದ: ಅದೇ /24, ಆಮೇಲೆ ಅದನ್ನು ಸೀಳಿ ಎರಡು /25. ಕೆಲವು ವಿಪಿಎನ್‌ಗಳು ಡಿಫಾಲ್ಟ್ ರೂಟನ್ನು ಮುಟ್ಟದೆ 0.0.0.0/1 ಮತ್ತು 128.0.0.0/1 ಎಂದು ಎರಡು ಸಾಲು ಹಾಕುವುದೂ ಇದಕ್ಕೇ.

ಇನ್ನು ನಿಮ್ಮ ಮೊದಲ ತೊಂದರೆ. ‘ಐಪಿ ರೂಟ್ ಶೋ ಡಿಫಾಲ್ಟ್’ ಕೊಟ್ಟರೆ ಎರಡು ಸಾಲು ಬರುತ್ತವೆ, ಎರಡಕ್ಕೂ ಮೆಟ್ರಿಕ್ 100 ಇರುತ್ತದೆ ಎಂದು ನನ್ನ ಊಹೆ. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳುವ ನೆಟ್‌ಪ್ಲಾನ್ ಡಿಎಚ್‌ಸಿಪಿ ಕಾರ್ಡುಗಳಿಗೆ ಕೊಡುವುದು ಅಷ್ಟೇ. ಎರಡೂ ಸಮ ಆದಾಗ ಯಾವುದು ಮೇಲೆ ಕೂರುತ್ತದೆ ಎನ್ನುವುದು ಬೂಟ್ ಆದ ಕ್ರಮದ ಮೇಲೆ ನಿಲ್ಲುತ್ತದೆ. ಅದಕ್ಕೇ ‘ಒಮ್ಮೊಮ್ಮೆ’. ಲೀಸ್ಡ್ ಲೈನಿನಲ್ಲಿ ಇಂಟರ್ನೆಟ್ ಇಲ್ಲ ಎಂದಾದರೆ ಅಲ್ಲಿ ಡಿಫಾಲ್ಟ್ ಇರಲೇಬಾರದು. ಮೆಟ್ರಿಕ್ ಹೆಚ್ಚಿಸಿ ಇಟ್ಟುಕೊಳ್ಳುವುದು ಬೇಡ, ಕಿತ್ತುಹಾಕಿ.

ರಾತ್ರಿ ಪಾಳಿಯವರು

ಕಿತ್ತುಹಾಕುವ ಮೊದಲು ಒಂದು ಮಾತು. ನೀವು ಕೂತಿರುವ ಎಸ್‌ಎಸ್‌ಎಚ್ ಕೂಡ ಅದೇ ಟೇಬಲ್ ಮೇಲೆ ನಿಂತಿದೆ. ಡಿಫಾಲ್ಟ್ ತಪ್ಪಾಗಿ ಬಿದ್ದರೆ ಬಾಗಿಲು ನಿಮಗೇ ಮುಚ್ಚುತ್ತದೆ.

ಹಾಗಾಗಿ ಮೊದಲು ‘ಶಟ್‌ಡೌನ್ -ಆರ್ +10’. ಹತ್ತು ನಿಮಿಷಕ್ಕೆ ರೀಬೂಟ್ ನಿಗದಿ ಆಯಿತು. ಆಮೇಲೆ ರೂಟ್ ಬದಲಿಸಿ. ಸಂಪರ್ಕ ಉಳಿದರೆ ‘ಶಟ್‌ಡೌನ್ -ಸಿ’ ಕೊಟ್ಟು ರದ್ದು ಮಾಡಿ. ಕಡಿದುಹೋದರೆ ಚಹಾ ಕುಡಿದು ಬನ್ನಿ. ಕೈಯಾರೆ ಹಾಕಿದ ರೂಟ್ ರೀಬೂಟಿಗೆ ಅಳಿಯುತ್ತದೆ ಎಂದು ಬೇಸರ ಮಾಡಿಕೊಂಡಿದ್ದೀರಲ್ಲ, ಇಲ್ಲಿ ಅದೇ ನಿಮ್ಮನ್ನು ಕಾಯುವುದು. ಸಿಸ್ಕೋ ರೂಟರ್ ನೋಡಿಕೊಳ್ಳುವವರು ‘ರೀಲೋಡ್ ಇನ್ 10’ ಎಂದು ಮಾಡುವುದೂ ಇದೇ ಉಪಾಯ.

ರೀಬೂಟ್ ಮಾಡುವ ಹಾಗಿಲ್ಲ ಎಂದರೆ, ‘ಸ್ಲೀಪ್ 300’ ಆದ ಮೇಲೆ ‘ಐಪಿ ರೂಟ್ ರಿಪ್ಲೇಸ್ ಡಿಫಾಲ್ಟ್ ವಯಾ 192.168.1.1 ಡೆವ್ ಈಥ್0’ ಓಡುವ ಹಾಗೆ ನೋಹಪ್‌ನಲ್ಲಿ (ಲಾಗಿನ್ ಕಡಿದರೂ ಓಡುತ್ತಿರುವಂತೆ) ಹಿನ್ನೆಲೆಗೆ ಬಿಡಿ. ಎಲ್ಲ ಸರಿಯಿದ್ದರೆ ಅದನ್ನು ಕಿಲ್ ಮಾಡಿ.

ರೂಟ್‌ಗಳನ್ನು ಅಳಿಸಿಹಾಕುವ ‘ಐಪಿ ರೂಟ್ ಫ್ಲಶ್’ ಅನ್ನು ದೂರದ ಮಷಿನ್ ಮೇಲೆ ಯಾವತ್ತೂ ಬೇಡ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಬಿದ್ದದ್ದು ನಿರ್ವಹಣೆಯ ಹೊತ್ತಿನ ಒಂದು ಕಮಾಂಡಿನಿಂದ. ಬೆನ್ನೆಲುಬಿನ ಲೈನುಗಳು ಹೋದವು, ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಸರ್ವರ್‌ಗಳ ದಾರಿಯೂ ಹಿಂದಕ್ಕೆ ಹೋಯಿತು, ಸರಿ ಮಾಡಲು ಇಂಜಿನಿಯರ್‌ಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು. ಅವರಿಗೇ ಹಾಗಾದರೆ ನಮ್ಮ ಬ್ರಾಂಚ್ ಸರ್ವರ್ ಯಾವ ಲೆಕ್ಕ ಅಲ್ವಾ.

ಬ್ಯಾಂಕಿಂಗ್ ನೆಟ್‌ವರ್ಕ್‌ಗಳಲ್ಲಿ ಕೆಲಸ ಮಾಡಿದವರು

‘ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ’ ಎಂಬ ಸಾಲು ಓದಿದ ತಕ್ಷಣ ನನಗೆ ಅನಿಸಿದ್ದು: ಹೋಗುವ ದಾರಿ ಸರಿಯಿದೆ, ಬರುವ ದಾರಿ ತಪ್ಪಿದೆ. ರೂಟಿಂಗ್ ಒಂದು ದಿಕ್ಕಿನದು. ಹೆಡ್ ಆಫೀಸಿನಿಂದ ನಿಮ್ಮವರೆಗೆ ಪ್ಯಾಕೆಟ್ ತರುವುದು ಅವರ ಟೇಬಲ್. ಉತ್ತರವನ್ನು ವಾಪಸ್ ಕಳಿಸುವುದು ನಿಮ್ಮ ಟೇಬಲ್. ಒಂದು ಸರಿ ಇದ್ದ ಮಾತ್ರಕ್ಕೆ ಇನ್ನೊಂದು ಸರಿ ಇರುವುದಿಲ್ಲ.

ಸಿಗದವರ ಮಷಿನ್ ವಿಳಾಸ ಕೇಳಿ ತೆಗೆದುಕೊಳ್ಳಿ. ಅದಕ್ಕೆ ನಿಮ್ಮ ಸರ್ವರಿನಲ್ಲಿ ‘ಐಪಿ ರೂಟ್ ಗೆಟ್’ ಮಾಡಿ. ಈಥ್0 ಎಂದು ಬಂದರೆ ಕಥೆ ಮುಗಿಯಿತು. ನಿಮ್ಮ ಉತ್ತರ ಬ್ರಾಡ್‌ಬ್ಯಾಂಡಿಗೆ ಹೋಗಿ ಅಲ್ಲೇ ಸಾಯುತ್ತಿದೆ. ನಂಬಿಕೆ ಬರದಿದ್ದರೆ ಎರಡು ಟರ್ಮಿನಲ್ ತೆರೆದು, ಒಂದರಲ್ಲಿ ಈಥ್0, ಇನ್ನೊಂದರಲ್ಲಿ ಈಥ್1 ಮೇಲೆ ಟಿಸಿಪಿಡಂಪ್ (ಪ್ಯಾಕೆಟ್ ತೋರಿಸುವ ಕಮಾಂಡ್) ಇಟ್ಟು ಅವರಿಗೆ ಪಿಂಗ್ ಮಾಡಲು ಹೇಳಿ. ಒಂದರಲ್ಲಿ ಒಳಗೆ ಬರುವುದು, ಇನ್ನೊಂದರಲ್ಲಿ ಹೊರಗೆ ಹೋಗುವುದು ಕಣ್ಣಿಗೇ ಕಾಣುತ್ತದೆ.

ಆದರೆ ಈಥ್1ರಲ್ಲಿ ವಿನಂತಿ ಬಂದು, ಎಲ್ಲಿಯೂ ಉತ್ತರವೇ ಹೊರಡದಿದ್ದರೆ? ಆಗ ಆರ್‌ಪಿ ಫಿಲ್ಟರ್ ನೋಡಿ. ಬಂದ ಪ್ಯಾಕೆಟ್‌ಗೆ ಉತ್ತರ ಅದೇ ಕಾರ್ಡಿನಿಂದ ಹೋಗುವಂತಿಲ್ಲದಿದ್ದರೆ ಕರ್ನಲ್ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಬೆಲೆ 1 ಇದ್ದರೆ ಈ ಕಟ್ಟುನಿಟ್ಟು, 2 ಇದ್ದರೆ ಸಡಿಲ, 0 ಇದ್ದರೆ ತಪಾಸಣೆಯೇ ಇಲ್ಲ. ಜನ ಎಡವುವುದು ಎಲ್ಲಿ ಎಂದರೆ, ‘ಆಲ್’ ಎಂಬುದಕ್ಕೆ ಒಂದು ಬೆಲೆ, ಕಾರ್ಡಿಗೆ ಒಂದು ಬೆಲೆ ಇರುತ್ತದೆ. ಎರಡರಲ್ಲಿ ದೊಡ್ಡದು ನಡೆಯುತ್ತದೆ. ‘ಆಲ್’ 1 ಇರುವಾಗ ಈಥ್1ಕ್ಕೆ 0 ಕೊಟ್ಟರೆ ಏನೂ ಬದಲಾಗುವುದಿಲ್ಲ, 2 ಕೊಟ್ಟರೆ ಬದಲಾಗುತ್ತದೆ. ‘ಲಾಗ್ ಮಾರ್ಷಿಯನ್ಸ್’ ಹಚ್ಚಿಟ್ಟರೆ ಬಿಸಾಡಿದ್ದೆಲ್ಲ ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಬರುತ್ತದೆ.

ಇಲ್ಲಿ ಕೆಲವರು ‘ಪಾಲಿಸಿ ರೂಟಿಂಗ್ ಮಾಡಿ’ ಎನ್ನುತ್ತಾರೆ. ಅಂದರೆ ಬೇರೆ ಟೇಬಲ್, ಉದಾಹರಣೆಗೆ 100. ‘ಐಪಿ ರೂಟ್ ಆ್ಯಡ್ ಡಿಫಾಲ್ಟ್ ವಯಾ 10.50.1.1 ಡೆವ್ ಈಥ್1 ಟೇಬಲ್ 100’, ಆಮೇಲೆ ‘ಐಪಿ ರೂಲ್ ಆ್ಯಡ್ ಫ್ರಮ್ 10.50.1.2 ಟೇಬಲ್ 100’. 10.50.1.2 ಎಂಬ ವಿಳಾಸ ಹೊತ್ತು ಹೊರಡುವುದೆಲ್ಲ ಲೀಸ್ಡ್ ಲೈನಿಗೇ ಹೋಗುತ್ತದೆ, ಎದುರಿನವರು ಯಾರೇ ಇರಲಿ. ಒಳ್ಳೆಯ ಉಪಾಯವೇ. ಎರಡು ಬ್ರಾಡ್‌ಬ್ಯಾಂಡ್ ಇಟ್ಟುಕೊಂಡು ಎರಡರಿಂದಲೂ ಹೊರಗಿನವರನ್ನು ಒಳಗೆ ಬಿಡುವವರಿಗೆ ಬೇರೆ ದಾರಿಯೇ ಇಲ್ಲ. ನಿಮಗೆ ಇನ್ನೂ ಬೇಡ. ಎದುರಿನ ನೆಟ್‌ವರ್ಕ್‌ಗಳು ಯಾವುವು ಎಂದು ಪಟ್ಟಿ ಮಾಡಲು ಆಗುತ್ತಿದ್ದರೆ ಸಾದಾ ರೂಟೇ ಸಾಕು. ನಿಮ್ಮ ಜಾಗಕ್ಕೆ ನಾಳೆ ಬರುವವರು ಮೊದಲು ನೋಡುವುದು ಸಾದಾ ಟೇಬಲನ್ನು, ರೂಲನ್ನಲ್ಲ.

ಕೇಳಿದವರು

ಸಿಗದವರ ವಿಳಾಸ ತರಿಸಿಕೊಂಡೆ. ಎಲ್ಲವೂ 10.30 ಇಂದ ಶುರು ಆಗುತ್ತವೆ! 10.30.4.7ಕ್ಕೆ ರೂಟ್ ಗೆಟ್ ಮಾಡಿದರೆ ಈಥ್0 ಬರುತ್ತದೆ. ಹೊಸ ಮಹಡಿಗೆ ಹೊಸ ನೆಟ್‌ವರ್ಕ್ ಕೊಟ್ಟಿದ್ದಾರಂತೆ, ನಮಗೆ ಹೇಳಿಲ್ಲ. ಈಗ 10.0.0.0/8 ಪೂರ್ತಿ ಲೀಸ್ಡ್ ಲೈನಿಗೆ ಹಾಕಿಬಿಡಲೇ? ಮತ್ತೆ ರೂಟ್ ಸೇರಿಸುವಾಗ ‘ಫೈಲ್ ಎಕ್ಸಿಸ್ಟ್ಸ್’ ಎಂದು ಬಂತು. ಯಾವ ಫೈಲ್?

ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವವರು

ಫೈಲಿಗೂ ಅದಕ್ಕೂ ಸಂಬಂಧ ಇಲ್ಲ. ಅದೇ ಸಾಲು ಆಗಲೇ ಟೇಬಲಿನಲ್ಲಿದೆ ಎಂದರ್ಥ. ‘ಆ್ಯಡ್’ ಬದಲು ‘ರಿಪ್ಲೇಸ್’ ಬಳಸಿ. ಆದರೆ ರಿಪ್ಲೇಸ್ ಮೆಟ್ರಿಕ್ ಕೂಡ ಹೋಲಿಸಿ ನೋಡುತ್ತದೆ. ಹಳೆಯದಕ್ಕೆ ಮೆಟ್ರಿಕ್ 100 ಇದ್ದು ನೀವು ಮೆಟ್ರಿಕ್ ಹೇಳದೆ ಬಿಟ್ಟರೆ, ಹಳೆಯದು ಹಾಗೇ ಉಳಿದು ಹೊಸದೊಂದು 0 ಮೆಟ್ರಿಕ್‌ನೊಂದಿಗೆ ಸೇರುತ್ತದೆ. ಇನ್ನೊಂದು ಸಾಮಾನ್ಯ ಎರರ್ ‘ನೆಕ್ಸ್ಟ್‌ಹಾಪ್ ಹ್ಯಾಸ್ ಇನ್‌ವ್ಯಾಲಿಡ್ ಗೇಟ್‌ವೇ’. ನೀವು ಕೊಟ್ಟ ಗೇಟ್‌ವೇಯನ್ನು ನಿಮ್ಮ ಯಾವ ಕಾರ್ಡಿನಿಂದಲೂ ನೇರವಾಗಿ ಮುಟ್ಟಲು ಆಗುತ್ತಿಲ್ಲ ಎಂದು. ಹತ್ತರಲ್ಲಿ ಒಂಬತ್ತು ಸಲ ಟೈಪಿಂಗ್ ತಪ್ಪು, ಇಲ್ಲವೇ ಕಾರ್ಡಿಗೆ ವಿಳಾಸವೇ ಬಂದಿರುವುದಿಲ್ಲ.

/8 ಬೇಡ. 10.20 ಮತ್ತು 10.30 ಎರಡನ್ನು ಹಾಕಿ. ಮುಂದೊಂದು ದಿನ ಈ ಕಡೆಯೇ 10ರ ಸಾಲಿನಲ್ಲಿ ಏನಾದರೂ ಬಂದರೆ ಹುಡುಕುತ್ತಾ ಕೂರಬೇಕಾಗುತ್ತದೆ.

ಹಳೆಯ ಯೂನಿಕ್ಸ್ ಕೈ

ಇಷ್ಟೆಲ್ಲ ಯಾಕೆ? ‘ರೂಟ್ -ಎನ್’ ನೋಡಿ, ‘ರೂಟ್ ಆ್ಯಡ್ -ನೆಟ್’ ಕೊಡಿ. ಹಿಂದಿನಿಂದ ಹೀಗೇ ನಡೆಸಿಕೊಂಡು ಬಂದಿದ್ದೇವೆ.

ರಾತ್ರಿ ಪಾಳಿಯವರು

ಸರ್, ಗೌರವದಿಂದಲೇ ಹೇಳುತ್ತೇನೆ, ಅದು ಮೇನ್ ಟೇಬಲನ್ನು ಮಾತ್ರ ತೋರಿಸುತ್ತದೆ. ವೈರ್‌ಗಾರ್ಡ್ ವಿಪಿಎನ್‌ನ ಡಬ್ಲ್ಯೂಜಿ-ಕ್ವಿಕ್ ಡಿಫಾಲ್ಟ್ ರೂಟನ್ನು 51820 ಎಂಬ ಟೇಬಲಿಗೆ ಹಾಕುತ್ತದೆ. ಇನ್ನೊಂದು ವಿಪಿಎನ್ ಟೇಲ್‌ಸ್ಕೇಲ್ ತನ್ನದನ್ನು 52ರಲ್ಲಿ ಇಡುತ್ತದೆ. ‘ರೂಟ್ -ಎನ್’ ನೋಡುವವರಿಗೆ ಟೇಬಲ್ ಶುದ್ಧವಾಗಿ ಕಾಣುತ್ತದೆ, ಪ್ಯಾಕೆಟ್ ಮಾತ್ರ ಬೇರೆಲ್ಲೋ ಹೋಗುತ್ತಿರುತ್ತದೆ. ಮೊದಲು ‘ಐಪಿ ರೂಲ್’, ಆಮೇಲೆ ‘ಐಪಿ ರೂಟ್ ಶೋ ಟೇಬಲ್ ಆಲ್’. ರೂಲ್‌ಗಳ ಪಟ್ಟಿಯಲ್ಲಿ 0, 32766, 32767 ಈ ಮೂರೇ ಇದ್ದರೆ ಮಷಿನ್ ಸಾದಾ ಸ್ಥಿತಿಯಲ್ಲಿದೆ. ನಾಲ್ಕನೆಯದು ಕಂಡರೆ ಯಾರೋ ಏನೋ ಮಾಡಿದ್ದಾರೆ.

ಉಬುಂಟು ಸರ್ವರ್‌ಗಳನ್ನು ನೋಡಿಕೊಳ್ಳುವವರು

ರೀಬೂಟ್ ಆದ ಮೇಲೂ ರೂಟ್ ಉಳಿಸುವ ವಿಷಯ ಯಾರೂ ಮುಟ್ಟಲಿಲ್ಲ. ಕಮಾಂಡ್ ಲೈನ್ ಪ್ರಯೋಗಕ್ಕೆ, ಕಡತ ಸಂಸಾರಕ್ಕೆ. ಕಮಾಂಡಿನಲ್ಲಿ ಒಂದು ದಿನ ಓಡಿಸಿ ನೋಡಿ, ಸರಿಯಿದ್ದರೆ ಇಟಿಸಿ ಒಳಗಿನ ನೆಟ್‌ಪ್ಲಾನ್ ಯಾಮಲ್ ಕಡತಕ್ಕೆ ಬರೆಯಿರಿ. ಈಥ್1ರ ಕೆಳಗೆ ‘ರೂಟ್ಸ್’, ಅದರೊಳಗೆ ‘ಟು’ 10.20.0.0/16, ‘ವಯಾ’ 10.50.1.1. 10.30ಕ್ಕೂ ಹಾಗೇ. ಡಿಎಚ್‌ಸಿಪಿ ತರುವ ಡಿಫಾಲ್ಟ್ ಬೇಡ ಎನ್ನಲು ಅದೇ ಕಾರ್ಡಿಗೆ ‘ಡಿಎಚ್‌ಸಿಪಿ4-ಓವರ್‌ರೈಡ್ಸ್’ ಒಳಗೆ ‘ಯೂಸ್-ರೂಟ್ಸ್: ಫಾಲ್ಸ್’. ಹಳೆಯ ಬರಹಗಳಲ್ಲಿ ಕಾಣುವ ‘ಗೇಟ್‌ವೇ4’ ಈಗ ಬಳಸಬೇಡಿ, ಅದನ್ನು ಕೈಬಿಡುತ್ತಿದ್ದಾರೆ. ಬರೆದ ಮೇಲೆ ‘ನೆಟ್‌ಪ್ಲಾನ್ ಅಪ್ಲೈ’ ಅಲ್ಲ, ‘ನೆಟ್‌ಪ್ಲಾನ್ ಟ್ರೈ’. 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ತಾನೇ ಹಿಂದಕ್ಕೆ ಹೋಗುತ್ತದೆ.

ನೆಟ್‌ವರ್ಕ್‌ಮ್ಯಾನೇಜರ್ ಇರುವ ಮಷಿನ್‌ಗಳಲ್ಲಿ ‘ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ’ ಮೂಲಕ ‘+ಐಪಿವಿ4.ರೂಟ್ಸ್’ ಸೇರಿಸಿ, ‘ಐಪಿವಿ4.ನೆವರ್-ಡಿಫಾಲ್ಟ್ ಯೆಸ್’ ಕೊಡಿ. ಅಲ್ಲಿ ಮೆಟ್ರಿಕ್ 20100 ಎಂದು ವಿಚಿತ್ರವಾಗಿ ಕಂಡರೆ ಗಾಬರಿ ಬೇಡ. ಆ ಲೈನಿನಲ್ಲಿ ಇಂಟರ್ನೆಟ್ ಇಲ್ಲ ಎಂದು ಅದಕ್ಕೆ ಗೊತ್ತಾಗಿ 20000 ಸೇರಿಸಿರುತ್ತದೆ, ಅಷ್ಟೇ.

ವಿಂಡೋಸ್ ಮಷಿನ್‌ಗೆ ಬೇಕಾದರೆ ‘ರೂಟ್ -ಪಿ ಆ್ಯಡ್ 10.20.0.0 ಮಾಸ್ಕ್ 255.255.0.0’ ಆದ ಮೇಲೆ ಗೇಟ್‌ವೇ. -ಪಿ ಇದ್ದರೆ ರೀಬೂಟ್ ಆದರೂ ಉಳಿಯುತ್ತದೆ. ಅಡ್ಮಿನ್ ಆಗಿ ತೆರೆದ ಕಿಟಕಿಯಲ್ಲಿ ಮಾತ್ರ ನಡೆಯುತ್ತದೆ.

ಸಾಫ್ಟ್‌ವೇರ್ ಕಡೆಯವರು

ಚಿಕ್ಕದೊಂದು. ಆ ಸರ್ವರಿನಲ್ಲಿ ಡಾಕರ್ ಇದೆಯಾ? ಅದು ಸುಮ್ನೆ 172.17.0.0/16 ಹಿಡಿದುಕೊಳ್ಳುತ್ತದೆ, ಹೊಸ ನೆಟ್‌ವರ್ಕ್ ಮಾಡಿದಂತೆ 172.18, 172.19 ಹೀಗೆ ಮುಂದೆ ಹೋಗುತ್ತದೆ. ಹೆಡ್ ಆಫೀಸಿನಲ್ಲಿ ಯಾರಿಗಾದರೂ 172.18ರ ವಿಳಾಸ ಇದ್ದರೆ, ಅವರಿಗೆ ಹೋಗಬೇಕಾದ ಉತ್ತರ ನಿಮ್ಮ ಮಷಿನ್ ಒಳಗೇ ಸುತ್ತುತ್ತದೆ. ಡೀಮನ್ ಕಡತದಲ್ಲಿ ಡಿಫಾಲ್ಟ್ ಅಡ್ರೆಸ್ ಪೂಲ್ ಬದಲಿಸಿಕೊಳ್ಳಿ.

ಕೇಳಿದವರು

ಡಾಕರ್ ಇಲ್ಲ. ಎರಡೂ ರೂಟ್ ನೆಟ್‌ಪ್ಲಾನ್‌ಗೆ ಹಾಕಿದೆ, ಟ್ರೈ ಮಾಡಿ ಎಂಟರ್ ಒತ್ತಿದೆ. 10.30ರವರಿಗೂ ಸಿಗುತ್ತಿದೆ. ಕೊನೆಯದೊಂದು ಕೇಳುತ್ತೇನೆ. ಲೀಸ್ಡ್ ಲೈನ್ ಬಿದ್ದಾಗ ಹೆಡ್ ಆಫೀಸಿಗೆ ಹೋಗಬೇಕಾದ ಪ್ಯಾಕೆಟ್‌ಗಳು ಏನಾಗುತ್ತವೆ?

ಬ್ಯಾಂಕಿಂಗ್ ನೆಟ್‌ವರ್ಕ್‌ಗಳಲ್ಲಿ ಕೆಲಸ ಮಾಡಿದವರು

ಎರಡು ಥರ ಬೀಳುತ್ತದೆ, ಎರಡನ್ನೂ ಬೇರೆ ಬೇರೆ ನೋಡಿ.

ಕೇಬಲ್ ಕಿತ್ತು ಹೋದರೆ ಈಥ್1ರ ರೂಟ್‌ಗಳು ಟೇಬಲಿನಿಂದ ಹೋಗುತ್ತವೆ. ಆಗ 10.20ಕ್ಕೆ ಹೊಂದುವ ಸಾಲು ಡಿಫಾಲ್ಟ್ ಒಂದೇ. ಆಫೀಸಿನ ಒಳಗಿನ ಪ್ಯಾಕೆಟ್‌ಗಳು ಬ್ರಾಡ್‌ಬ್ಯಾಂಡ್ ಕಡೆ ಹೊರಡುತ್ತವೆ. ತಲುಪುವುದಿಲ್ಲ ನಿಜ, ಆದರೆ ಅವು ಆ ಕಡೆ ಹೋಗುವುದೇ ಬೇಡ. ‘ಐಪಿ ರೂಟ್ ಆ್ಯಡ್ ಅನ್‌ರೀಚಬಲ್ 10.0.0.0/8 ಮೆಟ್ರಿಕ್ 4000’ ಎಂದು ಒಂದು ಸಾಲು ಹಾಕಿಡಿ. /16 ಇರುವಾಗ ಇದು ಅಡ್ಡ ಬರುವುದಿಲ್ಲ, ಅವು ಹೋದಾಗ ಇದು ಹಿಡಿಯುತ್ತದೆ. ‘ಬ್ಲ್ಯಾಕ್‌ಹೋಲ್’ ಎಂದೂ ಹಾಕಬಹುದು, ಆದರೆ ಅನ್‌ರೀಚಬಲ್ ಇದ್ದರೆ ಪ್ರೋಗ್ರಾಂಗೆ ತಕ್ಷಣ ‘ನೋ ರೂಟ್ ಟು ಹೋಸ್ಟ್’ ಸಿಗುತ್ತದೆ, ಲಾಗ್ ಓದುವವರಿಗೂ ಅರ್ಥ ಆಗುತ್ತದೆ. ಇದನ್ನೂ ನೆಟ್‌ಪ್ಲಾನ್‌ನಲ್ಲಿ ಬರೆಯಬಹುದು, ‘ಟೈಪ್: ಅನ್‌ರೀಚಬಲ್’ ಎಂದು. ಈಥ್0ರ ಕೆಳಗೆ ಬರೆಯಿರಿ. ಈಥ್1ರ ಕೆಳಗೆ ಬರೆದರೆ ಆ ಕಾರ್ಡಿನ ಜೊತೆಗೇ ಅದೂ ಹೋಗಿಬಿಡಬಹುದು.

ಎರಡನೆಯದು ಕಷ್ಟದ್ದು. ಕೇಬಲ್ ಇದೆ, ನಿಮ್ಮ ಕಡೆಯ ಪೆಟ್ಟಿಗೆಯ ದೀಪ ಉರಿಯುತ್ತಿದೆ, ಲೈನ್ ಮುಂದೆಲ್ಲೋ ಸತ್ತಿದೆ. ಕೈಯಾರೆ ಹಾಕಿದ ರೂಟ್‌ಗೆ ಇದು ತಿಳಿಯುವುದೇ ಇಲ್ಲ, ಸಾಲು ಹಾಗೇ ಕೂತಿರುತ್ತದೆ. ಒಂದೇ ಲೈನ್ ಇರುವವರೆಗೆ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಸೌಲಭ್ಯ) ಹೆಡ್ ಆಫೀಸಿನ ಒಳಗಿನ ಒಂದು ವಿಳಾಸಕ್ಕೆ ಪಿಂಗ್ ಮಾಡಿಸಿ, ತಪ್ಪಿದರೆ ಮೆಸೇಜ್ ಬರುವ ಹಾಗೆ ಇಡಿ. 10.50.1.1ಕ್ಕೆ ಪಿಂಗ್ ಮಾಡಬೇಡಿ, ಅದು ನಿಮ್ಮ ಕೋಣೆಯಲ್ಲೇ ಇರುವ ಪೆಟ್ಟಿಗೆ, ಲೈನ್ ಸತ್ತಾಗಲೂ ಉತ್ತರ ಕೊಡುತ್ತದೆ. ಎರಡನೇ ಲೀಸ್ಡ್ ಲೈನ್ ಬಂದ ದಿನ ಹೆಡ್ ಆಫೀಸಿನವರ ಜೊತೆ ಕೂತು ಎಫ್‌ಆರ್‌ಆರ್ ಎಂಬ ರೂಟಿಂಗ್ ತಂತ್ರಾಂಶ ಹಾಕಿ, ರೂಟ್‌ಗಳನ್ನು ತಾನಾಗಿಯೇ ಹಂಚಿಕೊಳ್ಳುವ ಬಿಜಿಪಿ ಮಾತಾಡಿಸಿ. ಅಲ್ಲಿಂದ ಮುಂದೆ ಕೈಯಾರೆ ಬೇಡ.