ಸೈಟಿನಲ್ಲಿ ಬೇವು, ತಂಗಡಿ ಇರಬಾರದು ಅಂತ ರೂಲ್ ಇದೆಯಾ? (ವಿಜಯಪುರ)

ಎರಿಮಣ್ಣು:
ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ್ದೇವೆ, 30×40. ಮೂಲೆಯಲ್ಲಿ ಒಂದು ಬೇವಿನ ಗಿಡ ಇದೆ, ಅದು ಹೊಲ ಇದ್ದಾಗಿನದು. ಮುಂದೆ ನಾನು ತಂಗಡಿ, ಕವಳಿ, ಒಂದು ಕಕ್ಕೆ ಹಚ್ಚಿದ್ದೇನೆ. ಮೊನ್ನೆ ಲೇಔಟ್ ಕಮಿಟಿಯವರು ಬಂದು, ಇದೇನ್ರೀ ಹೊಲದ ಬದು ಇದ್ದಂಗಿದೆ, ಎಲ್ಲರ ಹಾಗೆ ಲಾನ್ ಹಾಕಿಸಿ, ಕಾಂಪೌಂಡ್ ಗುಂಟ ಕೊನೊಕಾರ್ಪಸ್ (ಹೊರದೇಶದ ಅಲಂಕಾರದ ಗಿಡ) ಹಚ್ಚಿ, ಬೇವು ತೆಗೆಸಿ, ಎಲೆ ಬಿದ್ದು ರಸ್ತೆ ಹೊಲಸಾಗುತ್ತೆ ಅಂದರು. ರೂಲಂತೆ. ಎಲ್ಲಿದೆ ತೋರಿಸಿ ಅಂದ್ರೆ ಯಾರೂ ತೋರಿಸ್ತಿಲ್ಲ.

ಕಟ್ಟೆಪುರಾಣ:
ಕಮಿಟಿ ಮಾತು ಕಾನೂನಲ್ಲ. ಖರೀದಿ ಪತ್ರದಲ್ಲಿ ಅಂಥ ಷರತ್ತಿಗೆ ನೀವು ಸಹಿ ಹಾಕಿದ್ದರೆ ಮಾತು ಬೇರೆ, ಅದನ್ನೊಮ್ಮೆ ತೆಗೆದು ಓದಿ.
ಸರ್ಕಾರದ ಕಾನೂನು ಹಿಡಿಯೋದು ಹಚ್ಚುವಾಗ ಅಲ್ಲ, ಕಡಿಯುವಾಗ. 1976ರ ಮರ ಸಂರಕ್ಷಣಾ ಕಾಯ್ದೆ ಇದೆಯಲ್ಲ, ಅದರಲ್ಲಿ ನಿಮ್ಮ ಸ್ವಂತ ಜಾಗದ ಗಿಡಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು, ಕಡಿದರೆ ಬದಲಿಗೆ ಬೇರೆ ಹಚ್ಚಬೇಕು. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಹೊರಗಿನಿಂದ ಬಂದವಕ್ಕೆ ಸಲೀಸು, ತಮಾಷೆ ಅಲ್ವಾ? ಬೇವಿಗೆ ಕೊಡಲಿ ಹಾಕೋ ಮೊದಲು ಅರಣ್ಯ ಇಲಾಖೆಗೆ ಹೋಗಿ ಕೇಳಿ. ನಾಳೆ ಕೇಸಾದರೆ ಬರೋದು ನಿಮ್ಮ ಹೆಸರು, ಕಮಿಟಿದಲ್ಲ.

ಮಸಾರಿಯವ:
ಕೊನೊಕಾರ್ಪಸ್ ಮಾತ್ರ ಬೇಡ. ನಮ್ಮ ಬಾಡಿಗೆ ಮನೆಯಲ್ಲಿ ಸಾಲಾಗಿ ಎಂಟು ಇದ್ದವು. ಬಚ್ಚಲ ನೀರು ಹೋಗ್ತಿಲ್ಲ ಅಂತ ಪೈಪ್ ಒಡೆಸಿದರೆ ಒಳಗೆ ಜಡೆ ಹೆಣೆದ ಹಾಗೆ ಬೇರು, ಎಳೆದರೆ ಒಂದು ಮೊಳ ಬಂತು. ಗುಜರಾತ್‌ನವರು 2023ರಲ್ಲೇ ಹಚ್ಚಬಾರದು ಅಂತ ಆದೇಶ ಮಾಡಿದ್ದಾರೆ.
ಆದರೆ ಬೇವು ಗೋಡೆಯಿಂದ ಎಷ್ಟು ದೂರ ಇದೆ? ಎರಿ ಮಣ್ಣು, ಅಂದ್ರೆ ನಮ್ಮ ಕಪ್ಪು ಮಣ್ಣು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ದೊಡ್ಡ ಗಿಡ ಪಾಯದ ಹತ್ತಿರ ಇದ್ದರೆ ಅಲ್ಲಿಯ ತೇವ ಎಳೆದು ಇನ್ನೂ ಜಾಸ್ತಿ ಮಾಡುತ್ತೆ. ದೇಸಿ ಗಿಡ ಅಂದ ಮಾತ್ರಕ್ಕೆ ಗೋಡೆ ಬಿರುಕು ಬಿಡಲ್ಲ ಅಂತೇನಿಲ್ಲ.

ಕರಿಕೆಗೌಡ್ತಿ:
ಲಾನ್ ಬಗ್ಗೆ ಒಂದು ಮಾತು. ನರ್ಸರಿಯಲ್ಲಿ ಬರ್ಮುಡಾ ಅಂತ ಚದರಡಿ ಲೆಕ್ಕದಲ್ಲಿ ಮಾರ್ತಾರಲ್ಲ, ಅದು ನಮ್ಮ ಕರಿಕೆಯ ಜಾತಿಯೇ! ಗಣಪತಿಗೆ ಏರಿಸೋದು. ಹೊಲದಲ್ಲಿ ಅದನ್ನ ಕಿತ್ತು ಕಿತ್ತು ನಮ್ಮಪ್ಪನ ಸೊಂಟ ಬಿದ್ದೋಗಿತ್ತು, ಇಲ್ಲಿ ದುಡ್ಡು ಕೊಟ್ಟು ತರ್ತೀವಿ. ಬದುವಿನಿಂದ ನಾಲ್ಕು ಬುಟ್ಟಿ ತಂದು ಹಚ್ಚಿ, ಕಮಿಟಿಗೆ ಬರ್ಮುಡಾ ಅಂತ ಹೇಳಿ.

ಎರಿಮಣ್ಣು:
ಪತ್ರ ಓದಿದೆ, ಗಿಡದ ಸುದ್ದಿಯೇ ಇಲ್ಲ. ಬೇವು ಗೋಡೆಯಿಂದ ಹದಿನಾಲ್ಕು ಅಡಿ ಇದೆ, ಟೇಪ್ ಹಿಡಿದು ಅಳೆದೆ. ಮುಂದಿನ ಮೀಟಿಂಗಿಗೆ ರೂಲಿನ ಪ್ರತಿ ತನ್ನಿ ಅಂತ ಕಮಿಟಿಗೆ ಬರೆದು ಕೊಟ್ಟಿದ್ದೇನೆ. ಕರಿಕೆಗೆ ಭಾನುವಾರ ಊರಿಗೆ ಹೋಗ್ತಿದ್ದೇನೆ.